ರಂಜಿತ ಆರಿಸಿಕೊಂಡ ಸಬ್ಜೆಕ್ಟುಗಳು

ಇದು 2023ರ ಮಾತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡಿ ನಾನು ನಿವೃತ್ತಳಾಗಿದ್ದೆ. ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಎಂದು ಜಿಲ್ಲೆಯೊಳಗೇ ವರ್ಗವಾಗಿ ಸುತ್ತಿ, ಕೊನೆಗೆ ಹುಟ್ಟಿದೂರು ಹೊಳೆನರಸೀಪುರಕ್ಕೆ ಬಂದು ಕೂತಿದ್ದೆ. ಕೂರುವುದು ನನಗೆ ಒಗ್ಗಿ ಬರುವ ಕೆಲಸವಲ್ಲ. ಬೆಳಿಗ್ಗೆ ಪೇಪರ್ ಓದಿ ಮುಗಿಸಿದರೆ ಉಳಿದ ದಿನ ಏನು ಮಾಡುವುದೆಂದು ತಿಳಿಯದೆ ಮನೆಯವರ ಮೇಲೆಲ್ಲ ರೇಗುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಪ್ರವೀಣ್ ಫೋನ್ ಮಾಡಿದ. ಅರಕಲಗೂಡಿನಲ್ಲಿ ನನ್ನ ಬಿ.ಕಾಂ. ವಿದ್ಯಾರ್ಥಿಯಾಗಿದ್ದವನು. ಈಗ ಹಾಸನದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ವಿದೇಶದಲ್ಲಿ ಓದಲು ಹೋಗುವವರಿಗೆ ಸಲಹೆ ಕೊಡುವ ಆಫೀಸು ತೆರೆದಿದ್ದ. "ಮೇಡಂ, ನೀವು ಬಂದು ಕೂತ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದ. ನನ್ನ ಹೆಸರಿನ ಕೆಳಗೆ 'ಅಕಾಡೆಮಿಕ್ ಅಡ್ವೈಸರ್' ಎಂದು ಬೋರ್ಡು ಬರೆಸಿಯೂ ಬಿಟ್ಟ. ದಿನಾ ಬೆಳಿಗ್ಗೆ ಹೊಳೆನರಸೀಪುರದಿಂದ ಬಸ್ಸು ಹಿಡಿದು ಹಾಸನಕ್ಕೆ ಹೋಗುವುದು ಶುರುವಾಯಿತು.

ಪ್ರವೀಣ್ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚುರುಕು ಹುಡುಗ, ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಆದರೆ ಅವನ ಪ್ರಕಾರ ನನ್ನ ಕೆಲಸವೆಂದರೆ ಮಕ್ಕಳ ಜೊತೆ ಬಂದ ತಂದೆ ತಾಯಿಗೆ ಧೈರ್ಯ ಹೇಳುವುದು. ನರೆತ ತಲೆಯ ಮೇಡಂ ಒಬ್ಬರು ಕೂತಿದ್ದಾರೆ ಎಂದರೆ ಜನಕ್ಕೆ ನಂಬಿಕೆ ಬರುತ್ತದೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಇವತ್ತಿಗೂ ಅಲ್ಲೇ ಇರುತ್ತಿದ್ದೆನೇನೋ. ಬಿಡುವಿದ್ದಾಗ ಜರ್ಮನ್ ವಿಶ್ವವಿದ್ಯಾಲಯಗಳ ಮಾಡ್ಯೂಲ್ ಹ್ಯಾಂಡ್‌ಬುಕ್ ಓದತೊಡಗಿದೆ. ಯಾವ ಪೇಪರಿನಲ್ಲಿ ಏನು ಕಲಿಸುತ್ತಾರೆ, ಪರೀಕ್ಷೆ ಹೇಗೆ, ಅದಕ್ಕೆ ಮೊದಲು ಏನು ಓದಿರಬೇಕು ಎಂದೆಲ್ಲ ವಿವರವಾಗಿ ಬರೆದಿರುವ ಪುಸ್ತಕ ಅದು. ಕಾದಂಬರಿ ಓದುವವರಂತೆ ಅದನ್ನು ಓದುತ್ತಿದ್ದೆ. ಪ್ರವೀಣ್ ನಗುತ್ತಿದ್ದ.

ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಎಂ.ಎಸ್ಸಿ. ಎಂದು ಅಲ್ಲಿ ಕೊಡುವ ಪದವಿಯನ್ನು ನಮ್ಮ ಎಂ.ಕಾಂ. ಅಥವಾ ಎಂ.ಬಿ.ಎ.ಯ ಹಾಗೇ ಎಂದುಕೊಂಡು ಹೋದವರು ಕಣ್ಣು ಕಣ್ಣು ಬಿಡಬೇಕಾಗುತ್ತದೆ. ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್, ಒಟ್ಟು ನೂರಿಪ್ಪತ್ತು ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ಹೆಚ್ಚುಕಡಿಮೆ ಮೂವತ್ತು ಗಂಟೆಯ ದುಡಿಮೆ. ಅದರಲ್ಲಿ ಕ್ಲಾಸಿನಲ್ಲಿ ಕೂರುವುದು ಕಮ್ಮಿ, ತಾನೇ ಕೂತು ಓದುವುದು ಜಾಸ್ತಿ. ಶುರುವಿನಲ್ಲಿ ಎಲ್ಲರಿಗೂ ಕಡ್ಡಾಯವಾದ ಕೆಲವು ಮಾಡ್ಯೂಲ್ ಇರುತ್ತವೆ: ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ಅರ್ಥಶಾಸ್ತ್ರ ಇಂಥವು. ಆಮೇಲೆ ಫೈನಾನ್ಸ್, ಆಡಿಟಿಂಗ್, ಮಾರ್ಕೆಟಿಂಗ್, ಸರಕು ಹುಟ್ಟಿದಲ್ಲಿಂದ ಕೊಳ್ಳುವವರ ಕೈ ಸೇರುವವರೆಗಿನ ಸಪ್ಲೈ ಚೈನ್, ಅಂಕಿಅಂಶ ಜಾಲಾಡುವ ಅನಲಿಟಿಕ್ಸ್ ಇವುಗಳಲ್ಲಿ ಒಂದನ್ನು ಮೇಜರ್ ಎಂದು ಆರಿಸಿಕೊಂಡು ಅದರಲ್ಲಿ ಇಷ್ಟು ಕ್ರೆಡಿಟ್ ಮುಗಿಸಬೇಕು. ಅದರಾಚೆಗೆ ಫ್ರೀ ಎಲೆಕ್ಟಿವ್ ಬೇರೆ. ಅಲ್ಲಿ ಇನ್ನೊಂದು ವಿಭಾಗಕ್ಕೆ ಹೋಗಿ ಬೇಕಾದ ಪೇಪರ್ ತೆಗೆದುಕೊಳ್ಳಬಹುದು. ಕೊನೆಯ ಸೆಮಿಸ್ಟರ್ ಪೂರ್ತಿ ಥೀಸಿಸ್. ಒಂದೇ ಹೆಸರಿನ ಪದವಿ ಪಡೆದ ಇಬ್ಬರು ಓದಿದ್ದು ಪೂರಾ ಬೇರೆಬೇರೆಯೇ ಆಗಿರಬಹುದು. ಅರ್ಜಿಯ ಜೊತೆಗೇ ಕೆಲವು ಕಡೆ ಸ್ಟಡಿ ಪ್ಲಾನ್ ಕೇಳುತ್ತಾರೆ, ಅಂದರೆ ನೀನು ಇಲ್ಲಿ ಬಂದು ಏನೇನು ಓದಬೇಕೆಂದಿದ್ದೀ, ಯಾಕೆ, ಅದನ್ನು ಬರೆ ಎಂದು.

ಆ 'ಯಾಕೆ' ಎನ್ನುವಲ್ಲಿಯೇ ನಮ್ಮ ಮಕ್ಕಳಿಗೆ ಕಾಲು ತೊಡರುವುದು. ನಮ್ಮ ಡಿಗ್ರಿ ಕಾಲೇಜಿನ ಸಿಲಬಸ್ಸಿನಲ್ಲೂ ಎಲೆಕ್ಟಿವ್ ಇದೆ. ಕಾಗದದ ಮೇಲೆ ನಾಲ್ಕೈದು ಗುಂಪು, ಯಾವುದನ್ನಾದರೂ ಆರಿಸಿಕೊಳ್ಳಬಹುದು. ಸೆಮಿಸ್ಟರ್ ಶುರುವಾದಾಗ ವಿಭಾಗದ ಮುಖ್ಯಸ್ಥರು ಕ್ಲಾಸಿಗೆ ಬಂದು, "ಈ ಗುಂಪಿಗೆ ಮಾತ್ರ ಲೆಕ್ಚರರ್ ಇರೋದು, ಎಲ್ಲರೂ ಇದನ್ನೇ ತಗೊಳ್ಳಿ, ಯಾರದ್ದಾದರೂ ತಕರಾರಿದೆಯಾ" ಎನ್ನುತ್ತಾರೆ. ಯಾರದ್ದೂ ಇರುವುದಿಲ್ಲ. ಎಲ್ಲರೂ ತೆಗೆದುಕೊಂಡದ್ದನ್ನು ತೆಗೆದುಕೊಂಡರೆ ನೋಟ್ಸಿಗೆ ಪರದಾಡುವಂತಿಲ್ಲ ಎಂದು ಮಕ್ಕಳಿಗೂ ನೆಮ್ಮದಿ. ಹಾಗೆ ಹೇಳಿದ ಮುಖ್ಯಸ್ಥರಲ್ಲಿ ನಾನೂ ಒಬ್ಬಳು, ನಾಳೆ ಮತ್ತೆ ಕಾಲೇಜಿಗೆ ಕಳಿಸಿದರೂ ಅದನ್ನೇ ಹೇಳುತ್ತೇನೆ. ಪಾಠ ಮಾಡಲು ಜನ ಕೊಡದೆ ಆಯ್ಕೆಯನ್ನು ಮಾತ್ರ ಅಚ್ಚು ಹಾಕಿ ಕಳಿಸಿದರೆ ಇರುವ ಒಬ್ಬ ಗೆಸ್ಟ್ ಲೆಕ್ಚರರನ್ನು ನಾಲ್ಕು ಹೋಳು ಮಾಡಲಾಗುತ್ತದೆಯೇ? ನನಗೆ ಇದರಲ್ಲಿ ನಾಚಿಕೆಯಿಲ್ಲ. ನಾಚಿಕೊಳ್ಳಬೇಕಾದವರು ಬೇರೆ ಇದ್ದಾರೆ.

ರಂಜಿತ ಬಂದದ್ದು ಆ ವರ್ಷದ ಮಾರ್ಚಿನಲ್ಲಿ, ಜರ್ಮನಿಗೆ ಹೋಗಿ ಓದಬೇಕೆಂದು. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಕಡೆಯ ಒಂದು ಸಣ್ಣ ಊರಿನವಳು. ಬಿ.ಕಾಂ. ಮುಗಿಸಿ ಒಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಜಿ.ಎಸ್.ಟಿ. ರಿಟರ್ನ್ ತುಂಬುತ್ತಿದ್ದಳು. ತಂದೆ ಇಲ್ಲ. ತಾಯಿ ಜಯಮ್ಮ ಎರಡು ಹಸು ಕಟ್ಟಿಕೊಂಡು, ಅರ್ಧ ಎಕರೆ ತೆಂಗು ನೋಡಿಕೊಂಡು ಮಗಳನ್ನು ಓದಿಸಿದವರು. ಜರ್ಮನಿಯ ಖಾಸಗಿ ಕಾಲೇಜಿನ ಫೀಸು ಅವರ ಮನೆಗೆ ಆಗುವ ಮಾತಲ್ಲ. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಅಷ್ಟಿಲ್ಲ, ಆದರೆ ಡಿಗ್ರಿಯಲ್ಲಿ ಗಣಿತ, ಸಂಖ್ಯಾಶಾಸ್ತ್ರ ಇಷ್ಟು ಕ್ರೆಡಿಟ್ ಓದಿರಬೇಕೆಂಬ ಷರತ್ತಿರುತ್ತದೆ. ನಮ್ಮ ಬಿ.ಕಾಂ. ಓದಿದವರು ಹೆಚ್ಚಿನ ಕಡೆ ಅಲ್ಲೇ ಬಿದ್ದುಹೋಗುತ್ತಾರೆ. ಹುಡುಕಿ ಹುಡುಕಿ ಕೊನೆಗೆ ಅವಳ ಮಾರ್ಕ್ಸ್ ಕಾರ್ಡು ಹೊಂದುವ ಒಂದೇ ಒಂದು ಸರ್ಕಾರಿ ವಿಶ್ವವಿದ್ಯಾಲಯ ಸಿಕ್ಕಿತು. ಅದು ಸಿಕ್ಕರೆ ಜರ್ಮನಿ, ಇಲ್ಲದಿದ್ದರೆ ಮತ್ತೆ ಜಿ.ಎಸ್.ಟಿ. ರಿಟರ್ನು. ಅವಳಿಗೆ ಇದ್ದದ್ದು ಆ ಒಂದೇ ಬಾಗಿಲು.

ಅದೇ ಕೋರ್ಸಿಗೆ ನಮ್ಮ ಆಫೀಸಿನಿಂದ ಇನ್ನಿಬ್ಬರು ಹುಡುಗರೂ ಅರ್ಜಿ ಹಾಕಿದರು. ಅರ್ಜಿ ಕಳಿಸುವ ಕೆಲಸವೆಲ್ಲ ಪ್ರವೀಣನದು. ಸ್ಟಡಿ ಪ್ಲಾನೂ ಅವನೇ ಬರೆದ. ಮೇಜರ್ ಅನಲಿಟಿಕ್ಸ್, ಎಲೆಕ್ಟಿವ್ ಡಿಜಿಟಲ್ ಮಾರ್ಕೆಟಿಂಗ್, ಥೀಸಿಸ್ ಗ್ರಾಹಕರ ನಡವಳಿಕೆಯ ಮೇಲೆ. ಹೆಸರು ಬದಲಿಸಿ ಅದೇ ಪ್ಲಾನನ್ನು ಮೂವರಿಗೂ ಹಾಕಿದ, ನನಗೆ ಇದು ತಿಳಿದದ್ದು ಆಮೇಲೆ. ಇದರಲ್ಲಿ ಮೋಸವಿದೆ ಎಂದು ಅವನಿಗಾಗಲಿ ಮಕ್ಕಳಿಗಾಗಲಿ ಅನ್ನಿಸಲೇ ಇಲ್ಲ ಎನ್ನುವುದನ್ನು ಓದುಗರು ಗಮನಿಸಬೇಕು. ಅವರೆಲ್ಲ ಓದಿದ್ದು ಇಡೀ ಕ್ಲಾಸು ಒಂದೇ ಗುಂಪು ತೆಗೆದುಕೊಳ್ಳುವ ಕಾಲೇಜಿನಲ್ಲಿ. ಮೇಲಿನವರು ಒಂದು ಸಬ್ಜೆಕ್ಟು ಹೇಳುತ್ತಾರೆ, ಕೆಳಗಿನವರು ಸಹಿ ಹಾಕುತ್ತಾರೆ. ಅದೇ ಅಭ್ಯಾಸ ಸಮುದ್ರ ದಾಟಿ ಹೋಯಿತು.

ಜೂನ್‌ನಲ್ಲಿ ಮೂವರಿಗೂ ಒಂದೇ ರೀತಿಯ ಮೇಲ್ ಬಂತು. ನಿಮ್ಮ ಸ್ಟಡಿ ಪ್ಲಾನ್ ಬೇರೆ ಅರ್ಜಿದಾರರ ಪ್ಲಾನನ್ನು ಬಹಳ ಮಟ್ಟಿಗೆ ಹೋಲುತ್ತದೆ, ಆದ್ದರಿಂದ ಆನ್‌ಲೈನ್ ಸಂದರ್ಶನದಲ್ಲಿ ಅದರ ಬಗ್ಗೆ ಮಾತಾಡಬೇಕು, ಎರಡು ವಾರ ಬಿಟ್ಟು ಸಿದ್ಧರಾಗಿ ಬನ್ನಿ ಎಂದು. ತಿರಸ್ಕರಿಸಲಿಲ್ಲ ಎನ್ನುವುದೇ ದೊಡ್ಡದು. ಪ್ರವೀಣ್ ಮೂವರನ್ನೂ ಕರೆದು ನನ್ನ ಮೇಜಿನ ಮುಂದೆಯೇ ಕೂರಿಸಿಕೊಂಡ.

"ನೋಡ್ರಪ್ಪ, ಮೂರೂ ಜನ ಒಂದೇ ಮಾತು ಹೇಳ್ಬೇಕು. ನಾವು ಫ್ರೆಂಡ್ಸು, ಒಟ್ಟಿಗೆ ಕೂತು ಡಿಸ್ಕಸ್ ಮಾಡಿ ಪ್ಲಾನ್ ಬರೆದ್ವಿ ಅಂತ. ಯಾರೊಬ್ರು ಬೇರೆ ಮಾತಾಡಿದ್ರೂ ಮೂರೂ ಅರ್ಜಿ ಹೋಗ್ತವೆ" ಎಂದ.

ಹುಡುಗರು ತಲೆಯಾಡಿಸಿದರು. ರಂಜಿತ ಆ ಇಬ್ಬರನ್ನೂ ನೋಡಿದಳು. ಅವರನ್ನು ಅವಳು ಅಲ್ಲಿಯವರೆಗೆ ಬೇಕರಿಯ ಮೆಟ್ಟಿಲ ಮೇಲೆ ಮಾತ್ರ ಕಂಡಿದ್ದಳು. ಪ್ರವೀಣ್ ಎದ್ದು ಹೋದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಮೇಡಂ, ಪ್ಲಾನಲ್ಲಿರೋ ಸಬ್ಜೆಕ್ಟ್ ಏನು ಅಂತಾನೇ ನಂಗೊತ್ತಿಲ್ಲ. ಕೇಳುದ್ರೆ ಏನಂತ ಹೇಳ್ಲಿ?"

ಹ್ಯಾಂಡ್‌ಬುಕ್ಕಿನ ಪಿಡಿಎಫ್ ಅವಳ ಮೊಬೈಲಿಗೆ ಕಳಿಸಿ, "ಪೂರ್ತಿ ಓದು, ಆಮೇಲೆ ಬಾ" ಎಂದೆ. ನಾಲ್ಕು ದಿನ ಬಿಟ್ಟು ಬಂದಳು. ಓದಿದ್ದಳು, ಅದರಲ್ಲಿ ಅನುಮಾನವಿಲ್ಲ. ಯಾವ ಮಾಡ್ಯೂಲ್ ಯಾವ ಸೆಮಿಸ್ಟರಿನಲ್ಲಿ ಬರುತ್ತದೆ ಎಂದೆಲ್ಲ ಬಾಯಿಪಾಠವಾಗಿತ್ತು. ಆದರೆ ಬಂದವಳೇ ಕುರ್ಚಿ ಎಳೆದುಕೊಂಡು ಹೇಳಿದ್ದು ಇದು: "ಎಲ್ಲಾ ಚೆನ್ನಾಗೈತೆ ಮೇಡಂ. ನೀವೇ ಹೇಳ್ಬುಡಿ, ಯಾವ್ದು ತಗೊಳ್ಲಿ?"

"ಹೇಳೋದಿಲ್ಲ" ಎಂದೆ.

"ಯಾಕೆ ಮೇಡಂ?"

"ಹೇಳಿದರೆ ಪ್ರವೀಣನ ಪ್ಲಾನ್ ಹೋಗಿ ನನ್ನ ಪ್ಲಾನ್ ಆಗುತ್ತೆ. ಅಲ್ಲಿ ಎರಡು ವರ್ಷ ಓದೋಳು ನೀನು."

ಅವಳ ಮುಖ ಕೆಂಪಾಯಿತು. "ಅಂಗಾದ್ರೆ ಅಡ್ವೈಸರ್ ಅಂತ ಬೋರ್ಡ್ ಹಾಕ್ಕೊಂಡು ನೀವು ಕೂತಿರೋದಾದ್ರೂ ಯಾಕೆ ಮೇಡಂ? ನಂಗೆ ಗೊತ್ತಿದ್ರೆ ನಿಮ್ಮತ್ರ ಯಾಕ್ ಬತ್ತಿದ್ದೆ?"

ಮೂವತ್ತು ವರ್ಷ ಪಾಠ ಮಾಡಿದ ನನಗೆ ಒಬ್ಬ ಹುಡುಗಿಯೂ ಹೀಗೆ ಎದುರುತ್ತರ ಕೊಟ್ಟಿರಲಿಲ್ಲ. ಸಿಟ್ಟು ಬರಬೇಕಿತ್ತು, ನನಗೆ ಅದು ಬೇಗ ಬರುವಂಥದ್ದೇ. ಆದರೆ ಅವತ್ತು ಖುಷಿಯಾಯಿತು. ಕ್ಲಾಸಿನಲ್ಲಿ ತಕರಾರಿದೆಯಾ ಎಂದು ಕೇಳಿದಾಗೆಲ್ಲ ಬಾಯಿ ಮುಚ್ಚಿ ಕೂತಿದ್ದ ನೂರಾರು ಮಕ್ಕಳಲ್ಲಿ ಒಬ್ಬಳಿಗೆ ಕೊನೆಗೂ ಒಂದು ತಕರಾರು ಹುಟ್ಟಿತ್ತು. "ಸರಿ, ನನ್ನ ಮೇಲೆ ಸಿಟ್ಟು ಬಂತಲ್ಲ. ಇನ್ನೂ ಯಾತರ ಮೇಲೆ ನಿನಗೆ ಸಿಟ್ಟಿದೆ, ಅದನ್ನ ಹೇಳು. ಸಬ್ಜೆಕ್ಟು ಆಮೇಲೆ ನೋಡೋಣ" ಎಂದೆ.

ಅವಳು ತನ್ನ ಊರಿನ ಹಾಲಿನ ಡೇರಿಯ ಕಥೆ ಹೇಳಿದಳು. ಬೆಳಿಗ್ಗೆ ಸಂಜೆ ಊರಿನವರು ಹಾಲು ಹಾಕುತ್ತಾರೆ. ಕೊಬ್ಬಿನಂಶ ಅಳೆಯಲು ಒಂದಿಷ್ಟು ಹಾಲು ಸ್ಯಾಂಪಲ್ ತೆಗೆಯುತ್ತಾರೆ, ಅದರ ಮೇಲೆ ರೇಟು. ಆ ಅಳತೆಯನ್ನು ಊರಿನಲ್ಲಿ ಯಾರೂ ನಂಬುವುದಿಲ್ಲ, ಆದರೂ ಯಾರೂ ಕೇಳುವುದಿಲ್ಲ. ವರ್ಷಕ್ಕೊಂದು ಸಲ ಆಡಿಟ್ ಮಾಡಲು ಒಬ್ಬರು ಬರುತ್ತಾರೆ. ಅವರಿಗೆ ಮುದ್ದೆ, ಕೋಳಿ ಸಾರು. ಉಂಡು ಸಹಿ ಹಾಕಿ ಹೊರಡುತ್ತಾರೆ. ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ರಂಜಿತ ಹೋಗಿ, "ಸಾ, ಸ್ಯಾಂಪಲ್ ತೆಗೆಯೋ ರೀತಿ ನೀವು ನೋಡಲ್ವಾ?" ಎಂದು ಕೇಳಿದ್ದಳಂತೆ. ಆತ ನಕ್ಕು, "ನಿಂಗ್ಯಾಕವ್ವ ಅದೆಲ್ಲ, ಓದ್ಕೋ ಓಗು" ಎಂದನಂತೆ.

"ಓದ್ಕೋ ಓಗು ಅಂದ್ರು ಮೇಡಂ. ನಾನು ಓದಿದ್ರಲ್ಲೇ ಐತೆ, ಅದ್ನ ನೋಡ್ಬೇಕು ಅಂತ" ಎಂದಳು.

ಆಮೇಲೆ ಹ್ಯಾಂಡ್‌ಬುಕ್ ತೆಗೆದು ಅವಳೇ ಗುರುತು ಹಾಕತೊಡಗಿದಳು. ಮೇಜರ್ ಆಡಿಟಿಂಗ್. ಸಂಖ್ಯಾಶಾಸ್ತ್ರ ವಿಭಾಗಕ್ಕೆ ಹೋಗಿ ಸ್ಯಾಂಪ್ಲಿಂಗ್ ಮೇಲಿನ ಒಂದು ಪೇಪರ್. ಫ್ರೀ ಎಲೆಕ್ಟಿವ್‌ನಲ್ಲಿ ಸಹಕಾರ ಸಂಘಗಳ ಅರ್ಥಶಾಸ್ತ್ರ. ಜರ್ಮನಿಯಲ್ಲಿ ಸಹಕಾರ ಚಳವಳಿ ಹಳೆಯದು, ಕೆಲವು ವಿಶ್ವವಿದ್ಯಾಲಯಗಳಲ್ಲಿ ಅದನ್ನೇ ಒಂದು ವಿಷಯವಾಗಿ ಓದಬಹುದು. ಇದು ನನಗೂ ಹ್ಯಾಂಡ್‌ಬುಕ್ ಓದುವವರೆಗೆ ತಿಳಿದಿರಲಿಲ್ಲ. ಆಡಿಟಿಂಗ್ ಎಂಬ ಪದದ ಮೇಲೆ ಅವಳ ಬೆರಳು ನಿಂತಾಗ ನಾನು ಒಳಗೊಳಗೇ ಹಿಗ್ಗಿದೆ. ಅದು ನನ್ನ ಸಬ್ಜೆಕ್ಟು. ಹೊಸ ಕಾಲೇಜಿಗೆ ಹೋದಾಗೆಲ್ಲ ಬೇರೆಯವರು ಬೇಡವೆಂದು ತಳ್ಳಿದ ಆ ಪೇಪರನ್ನು ನಾನು ಕೇಳಿ ತೆಗೆದುಕೊಳ್ಳುತ್ತಿದ್ದೆ. ಆದರೆ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಪ್ರವೀಣನಿಗೆ ವಿಷಯ ತಿಳಿದಾಗ ಅವನು ಕೂಗಾಡಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕೂತ.

"ಮೇಡಂ, ಹಾಸನದಲ್ಲೇ ರಸ್ತೆಗೊಬ್ರು ಆಡಿಟರ್ ಇದಾರೆ. ಆಡಿಟ್ ಕಲಿಯೋಕೆ ಜರ್ಮನಿಗೆ ಹೋಗ್ಬೇಕಾ? ಅಲ್ಲಿ ಆ ಕೆಲಸ ಸಿಗ್ಬೇಕು ಅಂದ್ರೆ ಜರ್ಮನ್ ಭಾಷೆ ಚೆನ್ನಾಗಿ ಬರ್ಬೇಕು. ಅನಲಿಟಿಕ್ಸ್ ಆದ್ರೆ ಇಂಗ್ಲಿಷಲ್ಲೇ ಕೆಲಸ ಸಿಗುತ್ತೆ."

ಅವನ ಮಾತಿನಲ್ಲಿ ನಿಜವಿತ್ತು. ಇತ್ತು ಎಂದೇ ಹೇಳುತ್ತೇನೆ. "ಅದನ್ನೆಲ್ಲ ಅವಳಿಗೆ ಹೇಳು. ಕೇಳಿಕೊಂಡು ಅವಳೇ ಆರಿಸಿಕೊಳ್ಳಲಿ" ಎಂದೆ.

"ಅವಳು ಪ್ಲಾನ್ ನಂದಲ್ಲ ಅಂತ ನಿಜ ಹೇಳಿದ್ರೆ ಆ ಇಬ್ರು ಹುಡುಗ್ರ ಗತಿ? ಅವರದ್ದೂ ಭವಿಷ್ಯ ಅಲ್ವಾ ಮೇಡಂ?"

"ಅವರಿಗೂ ಹ್ಯಾಂಡ್‌ಬುಕ್ ಓದಿಸು. ಮೂವರೂ ಹೋಗಿ ನಿಜ ಹೇಳಲಿ. ಮೂವರೂ ತಮ್ಮ ತಮ್ಮ ಸಬ್ಜೆಕ್ಟು ಹೇಳಲಿ. ಇನ್ನೂ ಸಮಯ ಇದೆ" ಎಂದೆ. ಆ ಹುಡುಗರಿಗೆ ನಾನೇ ಫೋನ್ ಮಾಡಿದೆ. ಒಬ್ಬ ಎತ್ತಲಿಲ್ಲ. ಇನ್ನೊಬ್ಬ ತುಂಬ ವಿನಯದಿಂದ, "ಪ್ರವೀಣ್ ಸರ್ ಹೇಳ್ದಂಗೆ ಮಾಡ್ತೀವಿ ಮೇಡಂ, ರಿಸ್ಕ್ ಬ್ಯಾಡ" ಎಂದ.

ಮರುದಿನ ನಾನು ಪ್ರವೀಣನಿಗೆ ಖಡಾಖಂಡಿತವಾಗಿ ಹೇಳಿದೆ. ಸುಳ್ಳು ಹೇಳು ಎಂದು ನಾನು ಯಾರಿಗೂ ಸಲಹೆ ಕೊಡುವುದಿಲ್ಲ, ಕೊಡುವವರ ಬೋರ್ಡಿನಲ್ಲಿ ನನ್ನ ಹೆಸರೂ ಇರಬಾರದು. ಕಷ್ಟಪಟ್ಟು ಕಟ್ಟಿದ ಆಫೀಸು ಅದು, ಅವನ ಭಯ ನನಗೆ ಗೊತ್ತಾಗುತ್ತಿತ್ತು. ಆದರೂ ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿದುಬಿಟ್ಟೆ. ಕೆಳಗೆ ಬೇಕರಿಯವರು ಯಾಕೆ ಮೇಡಂ ಇಷ್ಟು ಬೇಗ ಎಂದರು. ಒಂದು ಪೊಟ್ಟಣ ಖಾರ ಬನ್ನು ಕಟ್ಟಿಸಿಕೊಂಡು ಊರಿನ ಬಸ್ಸು ಹತ್ತಿದೆ.

ಆ ವಾರವೇ ಜಯಮ್ಮ ಮಗಳನ್ನು ಕರೆದುಕೊಂಡು ಹೊಳೆನರಸೀಪುರದ ನಮ್ಮ ಮನೆಗೆ ಬಂದರು. ಪ್ರವೀಣ್ ಅವರಿಗೆ ಫೋನ್ ಮಾಡಿ, ಮೇಡಂ ಮಾತು ಕೇಳಿದರೆ ಸೀಟು ಹೋಗುತ್ತದೆ ಎಂದಿದ್ದ. ಜಯಮ್ಮ ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಕಾಫಿ ಕೈಯಲ್ಲೇ ಹಿಡಿದುಕೊಂಡು ಮಾತು ಶುರುಮಾಡಿದರು.

"ನಂಗೇನೂ ತಿಳಿಯಾಕಿಲ್ಲ ಮೇಡಮ್ಮ. ಎಲ್ರೂ ಓಗೋ ದಾರೀಲೇ ಇವ್ಳೂ ಓಗ್ಲಿ ಅಂತೀನಿ. ಇವ್ಳೊಬ್ಳೇ ಬ್ಯಾರೆ ದಾರಿ ಇಡುದು, ನಾಳಿಕ್ಕೆ ಏನಾರ ಎಚ್ಚುಕಮ್ಮಿ ಆದ್ರೆ ಯಾರ್ನ ಕೇಳಾನ ನಾನು?"

ನನ್ನನ್ನು ಕೇಳಿ ಎಂದು ಹೇಳಲು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ರಂಜಿತ ತಾಯಿಯ ಕಡೆ ತಿರುಗಿದಳು.

"ನನ್ನ ಕೇಳವ್ವ" ಎಂದಳು.

ಜಯಮ್ಮ ಕಾಫಿ ಕುಡಿದು ಲೋಟ ಕೆಳಗಿಟ್ಟರು. "ಅಂಗಂದ್ಮೇಲೆ ಮುಗೀತು ಬುಡು. ನಂದೇನೈತೆ" ಎಂದರು. ಹೋಗುವಾಗ ಸಂದರ್ಶನವನ್ನು ನಮ್ಮ ಮನೆಯಲ್ಲೇ ಮಾಡಿಸಿ, ಅವರೂರಿನಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ಕೇಳಿಕೊಂಡರು. ಹೊಸ ಸ್ಟಡಿ ಪ್ಲಾನನ್ನು ರಂಜಿತ ಸಂದರ್ಶನಕ್ಕೆ ಮೊದಲೇ ಕಳಿಸಲಿಲ್ಲ. ಮೇಲ್ ಮಾಡುವುದು ಬೇಡ, ಕೇಳಿದರೆ ಎದುರಿಗೇ ಹೇಳುತ್ತೇನೆ ಎಂದಳು. ಅದೂ ಅವಳದೇ ತೀರ್ಮಾನ, ನನಗೆ ಅದು ಸರಿ ಎನ್ನಿಸಿರಲಿಲ್ಲ.

ಸಂದರ್ಶನ ಮಧ್ಯಾಹ್ನ. ಅವತ್ತೇ ಪಕ್ಕದ ಬೀದಿಯಲ್ಲಿ ಗೃಹಪ್ರವೇಶ, ಮೈಕಿನಲ್ಲಿ ದೇವರನಾಮ ಜೋರಾಗಿ ಮೊಳಗುತ್ತಿತ್ತು. ನಾನೇ ಹೋಗಿ ಅರ್ಧ ಗಂಟೆ ನಿಲ್ಲಿಸಿ ಎಂದೆ. ಮನೆಯ ಯಜಮಾನರು ಶುಭಕಾರ್ಯ ಮೇಡಂ ಎಂದು ರಾಗ ಎಳೆದರು. "ನಮ್ಮನೇಲೂ ಶುಭಕಾರ್ಯವೇ ನಡೀತಿದೆ" ಎಂದು ಮೈಕಿನವನ ಪಕ್ಕದಲ್ಲೇ ನಿಂತೆ. ಅವನು ನನ್ನ ಹಳೆಯ ವಿದ್ಯಾರ್ಥಿಯ ತಮ್ಮನಂತೆ, ಪ್ಲಗ್ ಕಿತ್ತುಬಿಟ್ಟ.

ಕೋಣೆಯಲ್ಲಿ ಅರ್ಜಿದಾರರು ಒಬ್ಬರೇ ಇರಬೇಕೆಂಬ ನಿಯಮವಿತ್ತು. ನಾನು ಹೊರಗೆ ಹಜಾರದಲ್ಲಿ ಕೂತೆ, ಬಾಗಿಲು ಮುಚ್ಚಿದ್ದರೂ ಮಾತು ಕೇಳುತ್ತಿತ್ತು. ಆ ಕಡೆ ಇಬ್ಬರು ಪ್ರೊಫೆಸರುಗಳು, ಹೆಚ್ಚು ಮಾತಾಡಿದ್ದು ಒಬ್ಬ ಹೆಂಗಸು. ಇಂಗ್ಲಿಷಿನಲ್ಲಿ ನಡೆದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. ಮೊದಲು ಊರು, ಓದು, ಕೆಲಸ. ಆಮೇಲೆ ಆಕೆ ಮಾರ್ಕ್ಸ್ ಕಾರ್ಡಿನತ್ತ ಬಂದರು.

"ಕೊನೆಯ ವರ್ಷ ಷೇರು ಮಾರುಕಟ್ಟೆಯ ಬಗ್ಗೆ ಒಂದು ಎಲೆಕ್ಟಿವ್ ತೆಗೆದುಕೊಂಡಿದ್ದೀರಿ. ಅದನ್ನು ಯಾಕೆ ಆರಿಸಿಕೊಂಡಿರಿ?"

ಉತ್ತರ ಬರಲಿಲ್ಲ. ನಾನು ಎದ್ದು ಬಾಗಿಲ ಹತ್ತಿರ ಹೋದೆ. ಏನಾದರೊಂದು ಹೇಳೇ ತಾಯಿ, ಆಸಕ್ತಿಯಿತ್ತು ಅನ್ನು ಎಂದು ಮನಸ್ಸು ಕೂಗುತ್ತಿತ್ತು. ಸುಳ್ಳಿಗೆ ಸಲಹೆ ಕೊಡೆನೆಂದು ಮೆಟ್ಟಿಲಿಳಿದು ಬಂದ ನಾನೇ.

"ನಾನು ಆರಿಸಿಕೊಳ್ಳಲಿಲ್ಲ" ಎಂದಳು ರಂಜಿತ. "ಅದಕ್ಕೆ ಮಾತ್ರ ಲೆಕ್ಚರರ್ ಇದ್ದರು. ಇಡೀ ಕ್ಲಾಸು ಅದನ್ನೇ ತೆಗೆದುಕೊಂಡೆವು."

"ಮತ್ತೆ ನೀವು ಕಳಿಸಿರುವ ಸ್ಟಡಿ ಪ್ಲಾನ್?"

"ಅದನ್ನೂ ನಾನು ಬರೆಯಲಿಲ್ಲ. ನನಗೆ ಬರೆದುಕೊಟ್ಟರು, ನಾನು ಓದದೆ ಸಹಿ ಹಾಕಿದೆ. ಹಾಗೆ ಮಾಡುವುದೇ ನಮಗೆ ಅಭ್ಯಾಸ. ನಿಮ್ಮ ಹ್ಯಾಂಡ್‌ಬುಕ್ಕನ್ನು ನಿಮ್ಮ ಮೇಲ್ ಬಂದ ಮೇಲೆ ಓದಿದೆ. ನನ್ನ ಸಬ್ಜೆಕ್ಟುಗಳನ್ನು ನಾನೇ ಆರಿಸಿಕೊಂಡದ್ದು ಇದೇ ಮೊದಲು. ಕೇಳುವುದಾದರೆ ಹೇಳುತ್ತೇನೆ."

ಅವರು ಕೇಳಿದರು. ಡೇರಿ, ಸ್ಯಾಂಪಲ್, ಮುದ್ದೆ ಉಂಡು ಸಹಿ ಹಾಕಿ ಹೋದ ಆಡಿಟರ್, ಎಲ್ಲವನ್ನೂ ಹೇಳಿದಳು. ಇಂಗ್ಲಿಷು ಅಲ್ಲಲ್ಲಿ ಮುಗ್ಗರಿಸಿತು. ಮುಗ್ಗರಿಸಿದಲ್ಲಿ ನಿಂತು ಮತ್ತೆ ಹೇಳಿದಳು. ಆಕೆಯೂ ಬಿಡಲಿಲ್ಲ. ಆಡಿಟಿಂಗ್ ಮೇಜರಿನ ಕೆಲವು ಸೆಮಿನಾರ್ ಜರ್ಮನ್ ಭಾಷೆಯಲ್ಲೇ ಇರುತ್ತವೆ, ನಿಮ್ಮ ಜರ್ಮನ್ ತೀರ ಆರಂಭದ್ದು, ಏನು ಮಾಡುತ್ತೀರಿ ಎಂದು ಕೇಳಿದರು. ಮೊದಲ ಎರಡು ಸೆಮಿಸ್ಟರ್ ಇಂಗ್ಲಿಷಿನಲ್ಲಿರುವ ಮಾಡ್ಯೂಲ್ ಮುಗಿಸಿಕೊಂಡು ಭಾಷೆ ಕಲಿಯುತ್ತೇನೆ, ಯಾವುದು ಯಾವ ಭಾಷೆಯಲ್ಲಿದೆ ಎಂದು ನೋಡಿಟ್ಟುಕೊಂಡಿದ್ದೇನೆ ಎಂದಳು. ಅನಲಿಟಿಕ್ಸ್ ಓದಿದರೆ ಕೆಲಸ ಸುಲಭವಲ್ಲವೇ ಎಂದು ಇನ್ನೊಬ್ಬರು ಕೇಳಿದರು.

"ಹೌದು. ಅದಕ್ಕೇ ನನಗೆ ಆ ಪ್ಲಾನ್ ಬರೆದುಕೊಟ್ಟಿದ್ದರು" ಎಂದಳು ರಂಜಿತ.

ಆ ಕಡೆಯಿಂದ ನಗು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಸಂದರ್ಶನ ಮುಗಿಯಿತು. ರಂಜಿತ ಬಾಗಿಲು ತೆರೆದು ಹೊರಗೆ ಬಂದಳು. "ಹೋಯ್ತು ಅನ್ಸುತ್ತೆ ಮೇಡಂ. ಹೋದ್ರೆ ಹೋಗ್ಲಿ" ಎಂದಳು. ನನಗೂ ಹೋಯಿತೆಂದೇ ಅನ್ನಿಸಿತ್ತು. ಊಟ ಹಾಕಿದೆ, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಪಕ್ಕದ ಬೀದಿಯ ಮೈಕು ಮತ್ತೆ ಶುರುವಾಗಿತ್ತು.

ಉತ್ತರ ಬರುವವರೆಗಿನ ವಾರಗಳಲ್ಲಿ ನಾನು ನಿದ್ದೆಗೆಟ್ಟದ್ದು ನಿಜ. ಅವಳಿಗಿದ್ದ ಒಂದೇ ಬಾಗಿಲನ್ನು ನನ್ನ ಹಟಕ್ಕಾಗಿ ಮುಚ್ಚಿಸಿದೆನೇ ಎಂದು ಸಂಕಟವಾಗುತ್ತಿತ್ತು. ಆದರೆ ಮತ್ತೆ ಮತ್ತೆ ಯೋಚಿಸಿದರೂ, ಬೇರೆ ಏನು ಮಾಡಬಹುದಿತ್ತು ಎಂಬ ಪ್ರಶ್ನೆಗೆ ನನ್ನಲ್ಲಿ ಬೇರೆ ಉತ್ತರ ಹುಟ್ಟಲಿಲ್ಲ. ಜುಲೈ ಕೊನೆಯಲ್ಲಿ ರಂಜಿತ ಫೋನ್ ಮಾಡಿದಳು. ಸೀಟು ಸಿಕ್ಕಿತ್ತು. ಹಳೆಯ ಪ್ಲಾನ್ ಪರಿಗಣಿಸಿಲ್ಲ, ಬಂದ ಮೇಲೆ ನಿಮ್ಮದೇ ಪ್ಲಾನ್ ಬರೆದು ವಿಭಾಗಕ್ಕೆ ಕೊಡಿ ಎಂದು ಒಂದು ಸಾಲು ಸೇರಿಸಿದ್ದರು. ಹಿಂದೆ ಜಯಮ್ಮನ ದನಿ ಕೇಳುತ್ತಿತ್ತು, "ಮೇಡಮ್ಮಂಗೆ ಯೋಳ್ದಾ, ಯೋಳ್ದಾ" ಎಂದು.

ಆ ಇಬ್ಬರು ಹುಡುಗರಿಗೆ ಸಿಗಲಿಲ್ಲ. ಒಬ್ಬ ಅಲ್ಲಿಯ ಖಾಸಗಿ ಕಾಲೇಜೊಂದಕ್ಕೆ ಸೇರಿದ, ಚೆನ್ನಾಗಿಯೇ ಇದ್ದಾನೆ. ಇನ್ನೊಬ್ಬ ಮರುವರ್ಷ ತಾನೇ ಪ್ಲಾನ್ ಬರೆದುಕೊಂಡು ಬೇರೆ ಕಡೆ ಸೇರಿದ. ರಂಜಿತಳ ಮಾತಿನಿಂದಲೇ ಅವರ ಸೀಟು ಹೋಯಿತು ಎಂದು ಪ್ರವೀಣ್ ಇವತ್ತಿಗೂ ಹೇಳುತ್ತಾನಂತೆ. ಇದ್ದರೂ ಇರಬಹುದು. ಮೂವರೂ ಒಟ್ಟಿಗೆ ಹೇಳಿದ ಸುಳ್ಳನ್ನು ಅವರು ನಂಬುತ್ತಿದ್ದರು ಎನ್ನುವುದಕ್ಕೆ ಅವನ ಬಳಿಯೂ ಪುರಾವೆಯಿಲ್ಲ. ನನ್ನನ್ನು ಯಾರು ಎಷ್ಟು ಬೈದರೂ ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ನಾಲ್ಕು ಜನರ ಮುಂದೆ ಸಿಕ್ಕಾಗ ಪ್ರವೀಣ್ ಈಗಲೂ ಎದ್ದು ನಿಲ್ಲುತ್ತಾನೆ, ನಾನೂ ಚೆನ್ನಾಗಿದೀಯೇನೋ ಎಂದು ಕೇಳುತ್ತೇನೆ. ಈಗ ಅವನ ಆಫೀಸಿನಲ್ಲಿ ಮಕ್ಕಳ ಕೈಯಲ್ಲೇ ಪ್ಲಾನ್ ಬರೆಸುತ್ತಾರೆಂದು ಕೇಳಿದ್ದೇನೆ. ಯಾಕೆ ಬದಲಾಯಿಸಿದ ಎಂದು ನಾನು ಕೇಳಿಲ್ಲ, ಅವನೂ ಹೇಳಿಲ್ಲ.

ರಂಜಿತ ಹೋದ ಮೇಲೆ ಆಗಾಗ ಫೋನ್ ಮಾಡುತ್ತಿದ್ದಳು. ಮೊದಲ ಸೆಮಿಸ್ಟರಿನಲ್ಲಿ ಸಂಖ್ಯಾಶಾಸ್ತ್ರ ಅವಳನ್ನು ಹಿಂಡಿ ಹಿಪ್ಪೆ ಮಾಡಿತು. ಅಲ್ಲಿ 1.0 ಅತ್ಯುತ್ತಮ, 4.0ಕ್ಕೆ ಪಾಸು, ಅವಳಿಗೆ ಅದರಲ್ಲಿ ಬಂದದ್ದು 3.7. ಆಡಿಟಿಂಗ್‌ನ ಮೊದಲ ಮಾಡ್ಯೂಲಿನಲ್ಲಿ ಮಾತ್ರ 1.7. ಅದನ್ನು ಕೇಳಿದ ದಿನ ನಾನು ಮನೆಯಲ್ಲಿ ಪಾಯಸ ಮಾಡಿದೆ, ಯಾಕೆಂದು ಯಾರಿಗೂ ಹೇಳಲಿಲ್ಲ. ಮುಂದಿನ ಆಡಿಟಿಂಗ್ ಮಾಡ್ಯೂಲ್‌ಗಳ ವಿವರ ತೆಗೆದು ನಾನೂ ಓದಿಟ್ಟುಕೊಂಡೆ. ಎರಡನೇ ಸೆಮಿಸ್ಟರ್ ನಡುವೆ ಒಂದು ಭಾನುವಾರ ಅವಳ ಫೋನ್ ಬಂತು.

"ಮೇಡಂ, ಮೇಜರ್ ಬದಲಾಯಿಸ್ದೆ. ಆಡಿಟಿಂಗ್ ಬಿಟ್ಟು ಸಪ್ಲೈ ಚೈನ್ ತಗೊಂಡೆ. ಪಾಸಾಗಿರೋ ಆಡಿಟಿಂಗ್ ಮಾಡ್ಯೂಲ್ ಫ್ರೀ ಎಲೆಕ್ಟಿವ್‌ಗೆ ಹೋಗುತ್ತೆ, ಕ್ರೆಡಿಟ್ ವೇಸ್ಟಾಗಲ್ಲ."

"1.7 ಬಂದಿತ್ತಲ್ಲೇ" ಎಂದೆ.

"ಬಂತು ಮೇಡಂ. ಆದ್ರೆ ಹಿಡಿಸ್ಲಿಲ್ಲ. ಆದ್ಮೇಲೆ ಬಂದು ತಪ್ಪು ಹುಡುಕೋ ಕೆಲಸ ಅದು. ಹಾಲು ಕರೆದಾಗಿಂದ ಡೇರಿಗೆ ಹೋಗಿ ಪ್ಯಾಕೆಟ್ ಆಗೋವರ್ಗೂ ನಡುವೆ ಏನೇನಾಗುತ್ತೆ ಅನ್ನೋದ್ರ ಮೇಲೆ ಇಲ್ಲೊಂದು ಸೆಮಿನಾರ್ ಐತೆ. ಥೀಸಿಸ್ಸೂ ಅದ್ರ ಮೇಲೇ ಮಾಡ್ತೀನಿ."

ನಾನು ಮುಂದಿನ ಆಡಿಟಿಂಗ್ ಮಾಡ್ಯೂಲ್ ಎಷ್ಟು ಚೆನ್ನಾಗಿದೆ ಎಂದು ಶುರುಮಾಡಿದೆ. ಇನ್ನೊಂದು ಸೆಮಿಸ್ಟರ್ ನೋಡು, ಇಷ್ಟು ಬೇಗ ಬಿಡಬೇಡ, ನಿನಗೆ ಅದು ಕೈಹಿಡಿದಿದೆ ಎಂದೆಲ್ಲ ಹೇಳುತ್ತಲೇ ಹೋದೆ. ಅವಳು ಪೂರ್ತಿ ಕೇಳಿಸಿಕೊಂಡಳು, ನಡುವೆ ಬಾಯಿ ಹಾಕಲಿಲ್ಲ.

"ಮೇಡಂ, ನಾನು ಕೇಳೋಕೆ ಫೋನ್ ಮಾಡ್ಲಿಲ್ಲ. ಹೇಳೋಕೆ ಮಾಡ್ದೆ" ಎಂದಳು.

ನಾನು ಬಾಯಿ ಮುಚ್ಚಿದೆ. ಸಬ್ಜೆಕ್ಟು ಆರಿಸಿಕೊಳ್ಳುವುದನ್ನು ಇನ್ನೊಬ್ಬರಿಗೆ ಬಿಡುವುದೆಂದರೆ, ನಮಗೆ ಪ್ರಿಯವಾದ ಸಬ್ಜೆಕ್ಟನ್ನು ಅವರು ಬಿಟ್ಟು ಹೋದಾಗಲೂ ತಡೆಯದಿರುವುದು. ಮೂರು ತಾಲ್ಲೂಕಿನ ಕಾಲೇಜುಗಳಲ್ಲಿ ಕಲಿಯದ ಈ ಪಾಠವನ್ನು ಬೇಕರಿಯ ಮೇಲಿನ ಆ ಆಫೀಸಿನ ಕೆಲಸ ನನಗೆ ಕಲಿಸಿತು. ಆಡಿಟಿಂಗ್ ಬಿಟ್ಟಳೆಂದು ನನಗೆ ಬೇಜಾರಾಯಿತು, ಇವತ್ತಿಗೂ ಇದೆ. ಆದರೆ ಫೋನಿಡುವ ಮೊದಲು "ಸರಿ ಕಣಮ್ಮ, ಹೇಳಿದ್ದು ಒಳ್ಳೇದಾಯ್ತು" ಎಂದೆ, ಅದು ಮನಸಾರೆ ಹೇಳಿದ ಮಾತು.